ಮನೆಯಲ್ಲೇ ವಿಜ್ಞಾನ: ಯಾವ ಪಠ್ಯ ಹಿಡಿಯಬೇಕು?

ಪ್ರಶ್ನೆ: ಏಳು ಮತ್ತು ಒಂಬತ್ತು ವರ್ಷದ ಇಬ್ಬರು ಮಕ್ಕಳಿಗೆ ಮನೆಯಲ್ಲೇ ಪಾಠ ಮಾಡುತ್ತಿದ್ದೇವೆ. ವಿಜ್ಞಾನಕ್ಕೆ ಅಮೆರಿಕದ ಪಠ್ಯ, ಕಿಟ್ ತರಿಸಿ ಎನ್ನುತ್ತಾರೆ. ಬೆಲೆ ವಿಪರೀತ. ಇಬ್ಬರಿಗೂ ಬೇರೆ ಬೇರೆ ಬೇಕೆ?
– ಓದುಗರೊಬ್ಬರು, ಮೈಸೂರು

ಉತ್ತರ: ಹಣ ಕಟ್ಟುವ ಮೊದಲು ಮಾದರಿ ಪಾಠವೊಂದನ್ನು ತರಿಸಿಕೊಂಡು ಮಾಡಿ ನೋಡಿ. ಮೊದಲ ಪುಟದಲ್ಲೇ ಉತ್ತರ ಹೇಳಿ ಕೊನೆಗೆ ‘ಪ್ರಯೋಗ’ ಇಟ್ಟಿದ್ದರೆ ಆ ಪಠ್ಯ ಬೇಡ. ಉತ್ತರ ಗೊತ್ತಾದ ಮಗು ಕಣ್ಣಿಟ್ಟು ನೋಡುವುದಿಲ್ಲ, ಬರೆದು ಒಪ್ಪಿಸುತ್ತದೆ ಅಷ್ಟೆ.

ಹೊರದೇಶದ ಪಠ್ಯಕ್ಕೆ ಇನ್ನೊಂದು ತೊಡಕಿದೆ. ನಡುಹಗಲ ನೆರಳು ಉತ್ತರಕ್ಕೆ ಬೀಳುತ್ತದೆ ಎಂಬ ಮಾತು ಅಮೆರಿಕದ ಬಹುತೇಕ ಊರುಗಳಿಗೆ ಸರಿ. ಮೈಸೂರಿನಲ್ಲಿ ಸುಮಾರು ಏಪ್ರಿಲ್ 22ರಿಂದ ಆಗಸ್ಟ್ 20ರವರೆಗೆ ಅದು ದಕ್ಷಿಣಕ್ಕೆ ಬೀಳುತ್ತದೆ! ಅಂಗಳದಲ್ಲಿ ಒಂದಡಿ ಕೋಲನ್ನು ನೆಟ್ಟಗೆ ನಿಲ್ಲಿಸಿ, 12.10ರಿಂದ 12.40ರವರೆಗೆ ಐದೈದು ನಿಮಿಷಕ್ಕೊಮ್ಮೆ ನೆರಳಿನ ತುದಿ ಗುರುತಿಸಿ. ಈ ತಿಂಗಳುಗಳಲ್ಲಿ ಅತಿ ಗಿಡ್ಡ ನೆರಳು ಸಿಗುವುದು 12ಕ್ಕಲ್ಲ, 12.25ರ ಆಸುಪಾಸಿನಲ್ಲಿ. ನಮ್ಮ ಗಡಿಯಾರ ನಡೆಯುವುದು 82.5 ಡಿಗ್ರಿ ಪೂರ್ವ ರೇಖಾಂಶದ ಲೆಕ್ಕದಲ್ಲಿ, ಮೈಸೂರು ಅದಕ್ಕಿಂತ ಪಶ್ಚಿಮಕ್ಕಿದೆ, ಹಾಗಾಗಿ ಇಲ್ಲಿ ನಡುಹಗಲು ತಡ.

ಹೋಮಿ ಭಾಭಾ ವಿಜ್ಞಾನ ಶಿಕ್ಷಣ ಕೇಂದ್ರದ ‘ಸ್ಮಾಲ್ ಸೈನ್ಸ್’ (3ರಿಂದ 5ನೇ ತರಗತಿ) ನೋಡಿ. ಪಠ್ಯ, ಅಭ್ಯಾಸ ಪುಸ್ತಕ, ಶಿಕ್ಷಕರ ಕೈಪಿಡಿ ಮೂರೂ ಇವೆ. ಕೈಪಿಡಿಯನ್ನು ಮಾತ್ರ ಬಿಡಬೇಡಿ. ಕನ್ನಡದ ಪದಗಳಿಗೆ ರಾಜ್ಯದ ‘ಪರಿಸರ ಅಧ್ಯಯನ’ ಜೊತೆಗಿರಲಿ. ಇಬ್ಬರಿಗೂ ವಿಷಯ ಒಂದೇ ಸಾಕು: ಚಿಕ್ಕವರು ಚಿತ್ರ ಬರೆಯಲಿ, ದೊಡ್ಡವರು ಸ್ಕೇಲಿನಲ್ಲಿ ಅಳೆದು ಪಟ್ಟಿ ಮಾಡಲಿ.

ಪ್ರಶ್ನೆ: ಮುಂದೆ ಪರೀಕ್ಷೆ, ಶಾಲೆ ಎಂದರೆ ಏನು ಗತಿ?

ಉತ್ತರ: ಎನ್‌ಐಒಎಸ್‌ನ (ರಾಷ್ಟ್ರೀಯ ಮುಕ್ತ ಶಾಲಾ ಶಿಕ್ಷಣ ಸಂಸ್ಥೆ) ಮುಕ್ತ ಮೂಲ ಶಿಕ್ಷಣದಲ್ಲಿ ಎ, ಬಿ, ಸಿ ಹಂತಗಳು ಕ್ರಮವಾಗಿ 3, 5, 8ನೇ ತರಗತಿಗೆ ಸಮ. ತಾರೀಖು ಹಾಕಿದ ಪ್ರಯೋಗದ ನೋಟ್‌ಬುಕ್‌ಗಳನ್ನು ಎತ್ತಿಡಿ. ಮಗು ಏನೇನು ಕಲಿತಿದೆ ಎಂದು ಶಾಲೆಯವರು ಕೇಳಿದರೆ ತೋರಿಸಲು ಬೇಕಾಗುತ್ತದೆ.

ಪ್ರಶ್ನೆ: ನೀರಲ್ಲಿ ಮುಳುಗಿದ ಹೆಸರುಕಾಳು ಮೊಳೆಯುವುದಿಲ್ಲ ಎಂದು ಪುಸ್ತಕದಲ್ಲಿದೆ. ನಮ್ಮಲ್ಲಿ ಮೊಳೆತೇಬಿಟ್ಟಿತು!

ಉತ್ತರ: ಪುಸ್ತಕ ಒಂದು ಹಂತವನ್ನು ನುಂಗಿದೆ. ನಲ್ಲಿ ನೀರಲ್ಲಿ ಗಾಳಿ ಕರಗಿರುತ್ತದೆ. ನೀರು ಎರಡು ಬೆರಳಷ್ಟೇ ಇದ್ದರೆ ಮೇಲಿನಿಂದಲೂ ಸೇರುತ್ತಿರುತ್ತದೆ. ಮೊಳಕೆ ಇಣುಕಲು ಅಷ್ಟು ಸಾಕು. ಆ ಗಾಳಿ ಹೋಗಲು ನೀರನ್ನು ಹತ್ತು ನಿಮಿಷ ಕುದಿಸಿ, ಮುಚ್ಚಿಟ್ಟು ಆರಿಸಿ. ಲೋಟದ ಮುಕ್ಕಾಲು ಭಾಗ ತುಂಬಿಸಿ, 10 ಕಾಳು ಹಾಕಿ, ಗಾಳಿ ಮತ್ತೆ ಸೇರದಂತೆ ಮೇಲೆ ಒಂದು ಚಮಚ ಅಡುಗೆ ಎಣ್ಣೆ ಬಿಡಿ. ಪಕ್ಕದಲ್ಲೇ ಇನ್ನೆರಡು ಲೋಟಗಳಲ್ಲಿ ಒಣ ಹತ್ತಿಯ ಮೇಲೆ 10, ಒದ್ದೆ ಹತ್ತಿಯ ಮೇಲೆ 10 ಕಾಳು ಇರಲಿ. ಹತ್ತಿ ಒದ್ದೆಯಿರಬೇಕೇ ಹೊರತು ನೀರು ನಿಂತಿರಬಾರದು, ನಿಂತರೆ ಕೊಳೆಯುತ್ತದೆ. ಒದ್ದೆ ಹತ್ತಿಯ ಮೇಲಿನವೇ ಹೆಚ್ಚಿನವು ಮೊಳೆಯದಿದ್ದರೆ ಕಾಳು ಹಳೆಯದು. ಬೇರೆ ಅಂಗಡಿಯದನ್ನು ತಂದು ಮೂರೂ ಲೋಟಗಳನ್ನು ಹೊಸದಾಗಿ ಹೂಡಿ. ಎರಡು ಮೂರು ದಿನಕ್ಕೆ ಮುಳುಗಿದ ಕಾಳು ನಾರಬಹುದು, ಅಷ್ಟರಲ್ಲಿ ಎಣಿಸಿ ಬರೆದುಕೊಂಡು ಚೆಲ್ಲಿಬಿಡಿ.