'ಸೀಕ್ರೆಟ್ ವಾರಿಯರ್ಸ್' ಓದಲು ಮಾರ್ವೆಲ್‌ನ ದೊಡ್ಡ ಕಥೆಗಳನ್ನೆಲ್ಲ ಮೊದಲೇ ಓದಿರಬೇಕಾ?

'ಸೀಕ್ರೆಟ್ ವಾರಿಯರ್ಸ್' ಕಾಮಿಕ್ಸ್‌ನ ಮೊದಲ ಸಂಪುಟ ನಿಮ್ಮ ಕೈಗೆ ಸಿಕ್ಕಿದೆ. ಆದರೆ ಅದು 'ಸೀಕ್ರೆಟ್ ಇನ್ವೇಷನ್', 'ಡಾರ್ಕ್ ರೇನ್', 'ಸೀಜ್' ಅನ್ನುವ ದೊಡ್ಡ ಕಥೆಗಳ ಜೊತೆ ಹೆಣೆದುಕೊಂಡಿದೆ ಅಂತ ಗೊತ್ತಾಗಿ ಹಿಂಜರಿಯುತ್ತಿದ್ದೀರಿ. ಸಿನಿಮಾ ಮಾತ್ರ ನೋಡಿದವರಿಗೆ ಇದು ಅರ್ಥ ಆಗುತ್ತಾ, ಮೊದಲು ಏನೇನು ಓದಿರಬೇಕು ಅಂತ ಕೇಳಿದ್ದೀರಿ.

ಅರ್ಥ ಆಗುತ್ತದೆ. ಇವತ್ತೇ ಶುರು ಮಾಡಿ.

ನಿಮ್ಮ ಭಯ ನನಗೂ ಇತ್ತು. ಎಲ್ಲವನ್ನೂ ಕ್ರಮವಾಗಿ ಓದಬೇಕು ಅಂತ ಒಂದು ನೋಟ್‌ಬುಕ್‌ನಲ್ಲಿ ಪಟ್ಟಿ ಬರೆದುಕೊಂಡು ಕೂತಿದ್ದೆ. ಒಂದು ಪುಸ್ತಕ ಮುಗಿಸಿದರೆ ಅದು ಇನ್ನೆರಡು ಪುಸ್ತಕ ತೋರಿಸುತ್ತಿತ್ತು. ಪಟ್ಟಿ ಉದ್ದ ಆಗುತ್ತಾ ಹೋಯಿತು, ಸುಸ್ತಾಗಿ ಬಿಟ್ಟುಬಿಟ್ಟೆ. ಎಷ್ಟೋ ದಿನ ಆದ ಮೇಲೆ ಹಳೆ ಪುಸ್ತಕದ ಅಂಗಡಿಯಲ್ಲಿ ಈ ಮೊದಲ ಸಂಪುಟ ಸಿಕ್ಕಿತು. ಮೈಸೂರಿನ ಬಸ್ಸಿನಲ್ಲಿ ಸುಮ್ನೆ ತೆರೆದೆ. ಮದ್ದೂರಿನಲ್ಲಿ ಬಸ್ಸು ನಿಂತಾಗ ಎಲ್ಲರೂ ಕಾಫಿಗೆ ಇಳಿದರು, ನಾನು ಇಳಿಯಲಿಲ್ಲ. 'ಅಭಿಮನ್ಯು ಕಾಳಗ' ಪ್ರಸಂಗ ನೋಡಲು ಹೋಗುವವರು ಹದಿನೆಂಟು ಪರ್ವ ಓದಿಕೊಂಡು ಹೋಗುವುದಿಲ್ಲ, ಅಲ್ವಾ? ಯುದ್ಧ ನಡೆಯುತ್ತಿದೆ, ಯಾರು ಯಾವ ಕಡೆ, ಇಷ್ಟು ಗೊತ್ತಿದ್ದರೆ ಸಾಕು. ಇಲ್ಲೂ ಅಷ್ಟೇ.

ಹಿನ್ನೆಲೆ ಹೇಳಿಬಿಡುತ್ತೇನೆ. ಸ್ಕ್ರಲ್‌ಗಳು ಅನ್ಯಗ್ರಹದವರು, ಯಾರ ರೂಪ ಬೇಕಾದರೂ ತಾಳಬಲ್ಲರು. 2008ರ 'ಸೀಕ್ರೆಟ್ ಇನ್ವೇಷನ್' ಕಥೆಯಲ್ಲಿ ಅವರು ಭೂಮಿಯ ಮೇಲೆ ದಾಳಿ ಮಾಡುತ್ತಾರೆ. ಕೊನೆಯಲ್ಲಿ ಅವರ ರಾಣಿಗೆ ಗುಂಡು ಹೊಡೆಯುವವನು ನಾರ್ಮನ್ ಆಸ್ಬಾರ್ನ್, ಅಂದರೆ ಸ್ಪೈಡರ್‌ಮ್ಯಾನ್‌ನ ಹಳೆಯ ವೈರಿ ಗ್ರೀನ್ ಗಾಬ್ಲಿನ್. ಜನರ ಕಣ್ಣಿಗೆ ಅವನೇ ಹೀರೋ ಆಗುತ್ತಾನೆ. ಸರ್ಕಾರ ಗೂಢಚಾರ ಸಂಸ್ಥೆ ಶೀಲ್ಡ್ ಅನ್ನು ಮುಚ್ಚಿ ಅಧಿಕಾರವನ್ನು ಅವನ ಕೈಗೆ ಕೊಡುತ್ತದೆ. ಅವನು ಹ್ಯಾಮರ್ ಅನ್ನುವ ಹೊಸ ಸಂಸ್ಥೆ ಕಟ್ಟುತ್ತಾನೆ, ತನ್ನದೇ ಅವೆಂಜರ್ಸ್ ತಂಡವನ್ನೂ ಮಾಡಿಕೊಳ್ಳುತ್ತಾನೆ. ಕೆಟ್ಟವರ ಕೈಗೆ ಅಧಿಕಾರ ಸಿಕ್ಕ ಈ ಕಾಲಕ್ಕೆ 'ಡಾರ್ಕ್ ರೇನ್' ಅಂತ ಹೆಸರು. 2009ರಲ್ಲಿ 'ಸೀಕ್ರೆಟ್ ವಾರಿಯರ್ಸ್' ಶುರುವಾಗುವುದು ಇಲ್ಲಿಂದ.

ಸಿನಿಮಾ ನೋಡಿದವರಿಗೆ ಒಂದು ಮಾತು. ಇಲ್ಲಿನ ನಿಕ್ ಫ್ಯೂರಿ ಸ್ಯಾಮುಯೆಲ್ ಜಾಕ್ಸನ್ ಥರ ಇಲ್ಲ. ಆ ರೂಪ 2002ರ 'ಅಲ್ಟಿಮೇಟ್ಸ್' ಅನ್ನುವ ಬೇರೆಯದೇ ಕಾಮಿಕ್ಸ್ ಲೋಕದಿಂದ ಬಂದದ್ದು. ಇವನು 1963ರಲ್ಲಿ ಸ್ಟ್ಯಾನ್ ಲೀ ಮತ್ತು ಜ್ಯಾಕ್ ಕರ್ಬಿ ಸೃಷ್ಟಿಸಿದ ಹಳೆಯ ಫ್ಯೂರಿ. ಎರಡನೇ ಮಹಾಯುದ್ಧದ ಸಾರ್ಜೆಂಟ್, ಬಿಳಿಯ, ಒಂದು ಕಣ್ಣಿಗೆ ಪಟ್ಟಿ, ಕಿವಿಯ ಮೇಲೆ ನರೆಗೂದಲು. 1965ರಲ್ಲಿ ಅವನನ್ನು ಗೂಢಚಾರನನ್ನಾಗಿ ಮಾಡಿದರು. ಈ ಪುಸ್ತಕದ ಹೊತ್ತಿಗೆ ಅವನು ಕೆಲಸ ಕಳೆದುಕೊಂಡು ತಲೆಮರೆಸಿಕೊಂಡಿದ್ದಾನೆ. ಮೊದಲ ಸಂಪುಟದ ಹೆಸರು 'ನಿಕ್ ಫ್ಯೂರಿ, ಏಜೆಂಟ್ ಆಫ್ ನಥಿಂಗ್'. ಯಾವ ಸಂಸ್ಥೆಯೂ ಇಲ್ಲದ ಏಜೆಂಟ್.

ಮೊದಲ ಸಂಚಿಕೆಯಲ್ಲೇ ಅವನು ತನ್ನ ತಂಡದ ಹುಡುಗಿ ಡೇಸಿ ಜಾನ್ಸನ್‌ಗೆ ತಾನು ಕಂಡುಹಿಡಿದದ್ದನ್ನು ತೋರಿಸುತ್ತಾನೆ. ಅದೊಂದು ನಕ್ಷೆ. ಸರ್ಕಾರಿ ಕಚೇರಿಯ ಗೋಡೆಯ ಮೇಲೆ ಇರುತ್ತದಲ್ಲ, ಮೇಲೆ ಮುಖ್ಯ ಅಧಿಕಾರಿ, ಕೆಳಗೆ ಗೆರೆ ಎಳೆದು ಒಂದೊಂದೇ ವಿಭಾಗ, ಆ ಥರದ್ದು. ಮೇಲೆ ಇರುವುದು ಹೈಡ್ರಾ, ಫ್ಯೂರಿಯ ಹಳೆಯ ಶತ್ರು ಸಂಘಟನೆ. ಕೆಳಗಿನ ಹೆಸರುಗಳಲ್ಲಿ ಒಂದು ಶೀಲ್ಡ್. ಜೀವನ ಪೂರ್ತಿ ಯಾರ ವಿರುದ್ಧ ಹೋರಾಡಿದನೋ ಅವರಿಗಾಗಿಯೇ ದುಡಿದಿದ್ದೇನೆ ಅಂತ ಆ ಮುದುಕನಿಗೆ ಗೊತ್ತಾಗುವುದು ಹೀಗೆ. ಹೊಡೆದಾಟ ಇಲ್ಲ, ಬೆಂಕಿ ಇಲ್ಲ. ಸಂಸ್ಥೆಗಳ ಹೆಸರು, ಗೆರೆ, ಅಷ್ಟೇ. ನಾನು ಆ ಪುಟದಲ್ಲಿ ತುಂಬಾ ಹೊತ್ತು ನಿಂತೆ. 2014ರ 'ವಿಂಟರ್ ಸೋಲ್ಜರ್' ಸಿನಿಮಾದಲ್ಲಿ ಶೀಲ್ಡ್ ಒಳಗೆ ಹೈಡ್ರಾ ಇರುವುದನ್ನು ನೀವು ನೋಡಿರುತ್ತೀರಿ. ಈ ಪುಟ ಅದಕ್ಕಿಂತ 5 ವರ್ಷ ಮೊದಲಿನದು. ಬರೆದವರು ಜೊನಾಥನ್ ಹಿಕ್‌ಮನ್, ಶುರುವಿನ ಸಂಚಿಕೆಗಳಲ್ಲಿ ಅವರ ಜೊತೆ ಬ್ರಯಾನ್ ಮೈಕೆಲ್ ಬೆಂಡಿಸ್. ಚಿತ್ರ ಸ್ಟೆಫಾನೊ ಕಸೆಲ್ಲಿ ಅವರದು. ಇಂಥ ನಕ್ಷೆ, ಕಡತ, ಸಂಕೇತಗಳು ಹಿಕ್‌ಮನ್ ಅವರ ಗುರುತು. ಅವಸರದಲ್ಲಿ ದಾಟಬೇಡಿ.

ಆಮೇಲೆ ತಂಡ. ಯಾವ ಸರ್ಕಾರಿ ಪಟ್ಟಿಯಲ್ಲೂ ಹೆಸರಿಲ್ಲದ ಹುಡುಗ ಹುಡುಗಿಯರನ್ನು ಫ್ಯೂರಿ ಒಟ್ಟು ಮಾಡಿದ್ದಾನೆ. ಭೂಮಿ ನಡುಗಿಸುವ ಡೇಸಿ ಅವರ ನಾಯಕಿ. ಟಿವಿಯ 'ಏಜೆಂಟ್ಸ್ ಆಫ್ ಶೀಲ್ಡ್' ನೋಡಿದ್ದರೆ ಸ್ಕೈ ಅನ್ನುವ ಹುಡುಗಿ ನೆನಪಿರಬಹುದು, ಅವಳೇ ಇವಳು. ಯೋ-ಯೋ ಗುಂಡಿಗಿಂತ ವೇಗವಾಗಿ ಓಡಿ, ಹೊರಟ ಜಾಗಕ್ಕೇ ಮರಳುವವಳು. ಹೈಡ್ರಾದ ಗೊರ್ಗನ್ ಎದುರಾದಾಗ ಅವನ ಕತ್ತಿ ಅವಳ ಎರಡೂ ಕೈ ತೆಗೆದುಬಿಡುತ್ತದೆ. ಸೂಪರ್‌ಹೀರೋ ಕಥೆಯಲ್ಲಿ ಗಾಯ ಮುಂದಿನ ತಿಂಗಳಿಗೆ ಮಾಯುತ್ತದೆ ಅಂತ ನಮಗೆಲ್ಲ ಅಭ್ಯಾಸ ಆಗಿದೆ. ಇಲ್ಲಿ ಮಾಯುವುದಿಲ್ಲ. ಅವಳು ಯಂತ್ರದ ಕೈಗಳ ಜೊತೆ ಬದುಕುವುದನ್ನು ಕಲಿಯಬೇಕು, ಅವಳ ಪಕ್ಕದಲ್ಲಿ ಇರುವವರು ಅದನ್ನು ನೋಡಬೇಕು.

ನನಗೆ ಎಲ್ಲರಿಗಿಂತ ಹತ್ತಿರ ಆದವನು ಅಲೆಕ್ಸಾಂಡರ್. ಚಿಕ್ಕ ಹುಡುಗ, ಸ್ಕೂಲಿಗೆ ಹೋಗುವ ವಯಸ್ಸು. ಆದರೆ ಅವನು ಫೋಬೋಸ್, ಭಯದ ದೇವರು. ಕಣ್ಣಲ್ಲಿ ಕಣ್ಣಿಟ್ಟು ನೋಡಿದರೆ ಎದುರಿಗಿದ್ದವರ ಎದೆ ಒಡೆಯುತ್ತದೆ. ಅವನ ಅಪ್ಪ ಏರೀಸ್ ಯುದ್ಧದ ದೇವರು, ಮತ್ತು ಆಸ್ಬಾರ್ನ್‌ನ ಅವೆಂಜರ್ಸ್ ತಂಡದಲ್ಲಿದ್ದಾನೆ. ಅಂದರೆ ಅಪ್ಪ ಒಂದು ಕಡೆ, ಮಗ ಇನ್ನೊಂದು ಕಡೆ. ದೊಡ್ಡ ಕಥೆ ಮತ್ತು ಸಣ್ಣ ಕಥೆಯ ಗಂಟು ಇರುವುದು ಇಲ್ಲೇ. ಮಗ ಸ್ಕೂಲಿಗೆ ಹೋಗುತ್ತಿಲ್ಲ ಅಂತ ಗೊತ್ತಾಗಿ ಏರೀಸ್ ಹಿಂದೆಯೇ ಬಂದು, ಅವನು ಫ್ಯೂರಿಯ ಜೊತೆ ಇರುವುದನ್ನು ಕಂಡುಹಿಡಿಯುತ್ತಾನೆ. ಆ ಭೇಟಿ ಇರುವುದು 'ಡಾರ್ಕ್ ಅವೆಂಜರ್ಸ್' ಸರಣಿಯ 9ನೇ ಸಂಚಿಕೆಯಲ್ಲಿ. ಹೊರಗಿನ ಪುಸ್ತಕಗಳಲ್ಲಿ ಹುಡುಕಿ ಓದಲೇಬೇಕಾದ ಒಂದು ಸಂಚಿಕೆ ಅಂದರೆ ಅದು. ಕೂಗಾಡುವ, ಕೊಡಲಿ ಬೀಸುವ ಆ ದೇವರು ಅಲ್ಲಿ ಎಲ್ಲ ಅಪ್ಪಂದಿರ ಹಾಗೆ ಕಂಗಾಲಾಗಿದ್ದಾನೆ. ಕೊನೆಗೆ ಮಗನನ್ನು ಅಲ್ಲೇ ಬಿಟ್ಟು ಹೋಗುತ್ತಾನೆ.

ಹೈಡ್ರಾದ ಒಳಜಗಳ ಮತ್ತು ಲೆವಯಥನ್ ಅನ್ನುವ ಇನ್ನೊಂದು ಸಂಘಟನೆ ಬರುವ ಮಧ್ಯದ ಸಂಚಿಕೆಗಳಲ್ಲಿ ಹೆಸರುಗಳು ಜಾಸ್ತಿ. ಅಲ್ಲಿ ನನಗೂ ಹಿಂದಿನ ಪುಟಕ್ಕೆ ಹೋಗಿ ನೋಡಬೇಕಾಯಿತು. ತಾಳ್ಮೆ ಇರಲಿ. ಒಟ್ಟು 28 ಸಂಚಿಕೆ, 6 ಸಂಪುಟ, 2011ಕ್ಕೆ ಮುಗಿಯುತ್ತದೆ. ಮುಗಿಯುತ್ತದೆ ಅನ್ನುವುದೇ ದೊಡ್ಡದು. ದೊಡ್ಡ ಕಥೆಗೆ ಅಂಟಿಕೊಂಡ ಎಷ್ಟೋ ಸರಣಿಗಳು ಅರ್ಧಕ್ಕೇ ನಿಂತಿವೆ. ಇದು ಮೊದಲ ಸಂಚಿಕೆಯಲ್ಲಿ ಎತ್ತಿದ ಪ್ರಶ್ನೆಗೆ ಕೊನೆಯಲ್ಲಿ ಉತ್ತರ ಕೊಡುತ್ತದೆ. ಆ ಉತ್ತರ ನಾನು ಹೇಳುವುದಿಲ್ಲ.

ಓದುವ ಕ್ರಮ ಹೀಗಿರಲಿ: ಮೊದಲ ಎರಡು ಸಂಪುಟ ಓದಿ, ಮಧ್ಯೆ ಆ 9ನೇ ಸಂಚಿಕೆ. ಎರಡನೆಯದು ಮುಗಿದ ಮೇಲೆ ಸ್ವಲ್ಪ ನಿಂತು 2010ರ 'ಸೀಜ್' ಓದಿ. ಬರೀ 4 ಸಂಚಿಕೆ, ಒಂದು ಸಂಜೆಯ ಕೆಲಸ. ಆಸ್ಬಾರ್ನ್ ದೇವತೆಗಳ ಊರು ಆಸ್ಗಾರ್ಡ್ ಮೇಲೆ ದಂಡೆತ್ತಿ ಹೋಗುವ ಕಥೆ. ಕಥೆ ಮೊದಲೇ ಗೊತ್ತಾಗುವುದು ಬೇಡ ಅನ್ನುವವರು ಇಲ್ಲಿಗೇ ನಿಲ್ಲಿಸಿ.

'ಸೀಜ್'ನ 2ನೇ ಸಂಚಿಕೆಯಲ್ಲಿ ಏರೀಸ್ ಸಾಯುತ್ತಾನೆ. ಆಸ್ಬಾರ್ನ್ ತನಗೆ ಸುಳ್ಳು ಹೇಳಿದ್ದಾನೆ ಅಂತ ಗೊತ್ತಾಗಿ ತಿರುಗಿ ಬಿದ್ದಾಗ, ತನ್ನದೇ ತಂಡದ ಸೆಂಟ್ರಿಯ ಕೈಯಲ್ಲಿ. ದೊಡ್ಡ ಕಥೆಗೆ ಅದು ಒಂದು ಭಾರೀ ದೃಶ್ಯ, ಅದು ಮುಂದಕ್ಕೆ ಹೋಗುತ್ತದೆ. ಆದರೆ 'ಸೀಜ್: ಸೀಕ್ರೆಟ್ ವಾರಿಯರ್ಸ್' ಅನ್ನುವ ಬಿಡಿ ಸಂಚಿಕೆಯಲ್ಲಿ ಆ ಸುದ್ದಿ ಒಬ್ಬ ಹುಡುಗನಿಗೆ ಮುಟ್ಟುತ್ತದೆ. ಅವನು ಸೇಡಿಗೆ ಹೊರಡುತ್ತಾನೆ. ಕಾವಲಿನವರನ್ನು ದಾಟಿಕೊಂಡು ಶ್ವೇತಭವನಕ್ಕೆ ಹೋಗುತ್ತಾನೆ, ಅಧ್ಯಕ್ಷರನ್ನು ಕೇಳಬೇಕು ಅಂತ. ಅಧ್ಯಕ್ಷರು ಸಿಗುವುದಿಲ್ಲ. ಒಂದು ಪತ್ರ ಬರೆದಿಟ್ಟು ಬರುತ್ತಾನೆ. ಆ ಪತ್ರ ಓದುವಾಗ ಏರೀಸ್ ಯಾರು ಅಂತ ನಿಮಗೆ ಚೆನ್ನಾಗಿ ಗೊತ್ತಿರಬೇಕು. ಅದಕ್ಕೇ ಆ 9ನೇ ಸಂಚಿಕೆ, 'ಸೀಜ್'ನ ನಾಲ್ಕು ಮತ್ತು ಈ ಬಿಡಿ ಸಂಚಿಕೆ, ಇಷ್ಟನ್ನು ಮಾತ್ರ ಬಿಡಬೇಡಿ.