ನೀರು ತೆಗೆದದ್ದು ಎಷ್ಟು ಗಂಟೆಗೆ?

ಓದುಗರ ಪ್ರಶ್ನೆ: ಕಡಲು, ಅಳಿವೆ, ಹಿನ್ನೀರು

ನೀರು ಪರೀಕ್ಷೆಯ ಪ್ರಯೋಗಾಲಯದಲ್ಲಿ ಮೂವತ್ತೊಂದು ವರ್ಷ ದುಡಿದು ನಿವೃತ್ತಳಾದವಳು ನಾನು. ಈ ತಿಂಗಳು ಬಂದ ಪತ್ರಗಳಲ್ಲಿ ಹೆಚ್ಚಿನವು ನಮ್ಮ ಅಳಿವೆಗಳ ನೀರಿನ ಕುರಿತಾಗಿವೆ. ಅವುಗಳಲ್ಲಿ ನಾಲ್ಕನ್ನು ಆರಿಸಿಕೊಂಡಿದ್ದೇನೆ. ಮೊದಲನೆಯದರ ಉತ್ತರ ಉದ್ದವಾಯಿತು, ಓದುಗರು ಸಹಿಸಿಕೊಳ್ಳಬೇಕು.

*

ಪ್ರಶ್ನೆ: ಮೇಡಂ, ನಾವು ಐವರು ಬಿ.ಎಸ್‌ಸಿ. ವಿದ್ಯಾರ್ಥಿನಿಯರು ಸೇರಿ ಸೇತುವೆಯೊಂದರ ಕೆಳಗೆ ಹೊಳೆಯ ನೀರಿನಲ್ಲಿ ಕರಗಿದ ಆಮ್ಲಜನಕವನ್ನು ಅಳೆದೆವು. ಲೀಟರಿಗೆ 2.8 ಮಿಲಿಗ್ರಾಂ ಬಂತು. ಅದೇ ಜಾಗದ್ದೆಂದು ನಮಗೆ ಸಿಕ್ಕಿದ ಒಂದು ವರದಿಯಲ್ಲಿ 5.6 ಎಂದಿದೆ. ಯಾರು ಸುಳ್ಳು ಹೇಳುತ್ತಿದ್ದಾರೆ?
ಒಬ್ಬ ವಿದ್ಯಾರ್ಥಿನಿ, ಮಂಗಳೂರು

ಉತ್ತರ: ಯಾರೂ ಸುಳ್ಳು ಹೇಳದೆಯೂ ಈ ಎರಡು ಅಂಕಿಗಳು ಬರಬಹುದು, ಮಗಳೇ. ಪತ್ರವನ್ನು ಎರಡು ಸಲ ಓದಿದೆ. ನೀವು ಬಳಸಿದ ಕಿಟ್‌ನ ಹೆಸರಿದೆ, ಸೇತುವೆಯ ಹೆಸರಿದೆ, ತಾರೀಖಿದೆ. ನೀರು ತೆಗೆದದ್ದು ಎಷ್ಟು ಗಂಟೆಗೆ ಎಂಬುದು ಮಾತ್ರ ಇಲ್ಲ. ನೀವು ಲಗತ್ತಿಸಿದ ವರದಿಯ ಪುಟದಲ್ಲೂ ಇಲ್ಲ.

ಹೊಳೆಯ ನೀರಿನಲ್ಲಿ ಹಗಲಿಡೀ ಪಾಚಿ ಮತ್ತು ಸೂಕ್ಷ್ಮ ಸಸ್ಯಗಳು ಬಿಸಿಲು ಕುಡಿದು ಆಮ್ಲಜನಕವನ್ನು ಬಿಡುತ್ತವೆ. ರಾತ್ರಿ ಆ ಕೆಲಸ ನಿಲ್ಲುತ್ತದೆ, ಉಸಿರಾಟ ನಿಲ್ಲುವುದಿಲ್ಲ. ಪಾಚಿ, ಮೀನು, ಕೆಸರಿನಲ್ಲಿರುವ ಬ್ಯಾಕ್ಟೀರಿಯಾ ಎಲ್ಲವೂ ಇದ್ದಷ್ಟನ್ನು ಬಳಸುತ್ತಲೇ ಇರುತ್ತವೆ. ಕೊಳಚೆ ಸೇರಿದ ನೀರಾದರೆ ಬ್ಯಾಕ್ಟೀರಿಯಾಗಳ ಪಾಲೇ ದೊಡ್ಡದು. ಹಾಗಾಗಿ ಸೂರ್ಯ ಮೂಡುವ ಮುಂಚಿನ ಹೊತ್ತಿನಲ್ಲಿ ಅಂಕಿ ಅತಿ ಕೆಳಗಿರುತ್ತದೆ, ಮಧ್ಯಾಹ್ನದ ಮೇಲೆ ಅತಿ ಮೇಲಿರುತ್ತದೆ. ಇದಕ್ಕೆ ಭರತ, ಇಳಿತಗಳನ್ನು ಸೇರಿಸಿ ನೋಡಿ. ಭರತದಲ್ಲಿ ಕಡಲಿನ ನೀರು ಅಳಿವೆಯಿಂದ ಒಳಕ್ಕೆ ನುಗ್ಗಿ ಊರಿನ ಕೊಳೆಯನ್ನು ಮೇಲಕ್ಕೆ ತಳ್ಳುತ್ತದೆ, ತೆಳುವಾಗಿಸುತ್ತದೆ. ಇಳಿತದ ಕೊನೆಯಲ್ಲಿ ತೋಡುಗಳಿಂದ ಇಳಿದದ್ದೇ ಸೇತುವೆಯ ಕೆಳಗೆ ಹರಿಯುತ್ತಿರುತ್ತದೆ. ಆಳವೂ ಲೆಕ್ಕಕ್ಕೆ ಬರುತ್ತದೆ. ಉಪ್ಪುನೀರು ಭಾರ, ಸಿಹಿನೀರು ಹಗುರ. ಬೇಸಿಗೆಯ ಹಿನ್ನೀರಿನಲ್ಲಿ ತಳದಲ್ಲಿ ಉಪ್ಪುನೀರು ಮಲಗಿರುತ್ತದೆ, ಮೇಲಿನ ಗಾಳಿ ಅದಕ್ಕೆ ತಲುಪುವುದಿಲ್ಲ.

ಇದನ್ನು ನಾನು ಪುಸ್ತಕದಲ್ಲಿ ಓದಿದ್ದೆ. ಅರ್ಥವಾದದ್ದು ಬಹಳ ತಡವಾಗಿ. 1990ರ ದಶಕದಲ್ಲಿ ಒಂದು ಹಿನ್ನೀರಿನಲ್ಲಿ ತಿಂಗಳಿಗೊಮ್ಮೆ ಮಾದರಿ ತೆಗೆಯುವ ಕೆಲಸ ನನ್ನದಾಗಿತ್ತು. ಜೀಪು ಕಚೇರಿಯಿಂದ ಹೊರಡುತ್ತಿದ್ದದ್ದು ಹತ್ತು ಗಂಟೆಗೆ, ಹೊಳೆಯ ಬದಿಗೆ ಮುಟ್ಟುವಾಗ ಹನ್ನೊಂದೂವರೆ. ವರ್ಷವಿಡೀ 5ಕ್ಕಿಂತ ಮೇಲಿನ ಅಂಕಿಗಳೇ ಬಂದವು. ಬರೆದೆ, ಸಹಿ ಹಾಕಿದೆ. ಏಪ್ರಿಲ್‌ನ ಒಂದು ಬೆಳಿಗ್ಗೆ ಆ ಹಿನ್ನೀರಿನಲ್ಲಿ ಮೀನುಗಳು ಸತ್ತು ಬೆಳ್ಳಗೆ ತೇಲಿದವು. ಅಲ್ಲಿ ಬಲೆ ಬೀಸುತ್ತಿದ್ದ ಹಿರಿಯರೊಬ್ಬರು ನನ್ನ ಬಾಟಲಿಗಳನ್ನು ನೋಡಿ, "ಅಕ್ಕ, ನೀವು ಬರುವ ಹೊತ್ತಿಗೆ ಹೊಳೆ ಎದ್ದು ಕೂತಿರುತ್ತದೆ. ಅದಕ್ಕೆ ಉಸಿರು ಕಟ್ಟುವುದು ಕೋಳಿ ಕೂಗುವ ಹೊತ್ತಿಗೆ" ಎಂದರು. ಮುಂದಿನ ತಿಂಗಳು ಅಲ್ಲೇ ಹತ್ತಿರದ ನೆಂಟರ ಮನೆಯಲ್ಲಿ ಮಲಗಿ, ಐದು ಗಂಟೆಗೆ ಇಳಿತ ನೋಡಿಕೊಂಡು ಅವರದೇ ದೋಣಿಯಲ್ಲಿ ಹೋದೆ. ತಳದ ನೀರನ್ನು ಬಾಟಲಿಗೆ ತುಂಬಿಸಿ ಮ್ಯಾಂಗನೀಸ್ ಸಲ್ಫೇಟನ್ನೂ ಕ್ಷಾರೀಯ ಅಯೊಡೈಡನ್ನೂ ಹಾಕಿದೆ. ಆಮ್ಲಜನಕ ಇದ್ದರೆ ಕಂದು ಬಣ್ಣದ ಗಷ್ಟು ಕಟ್ಟುತ್ತದೆ. ಟಾರ್ಚಿನ ಬೆಳಕಿನಲ್ಲಿ ನಾನು ಕಂಡದ್ದು ಹಾಲಿನ ಹಾಗೆ ಬಿಳಿ. ಬಿಳಿ ಎಂದರೆ ಆಮ್ಲಜನಕ ಇಲ್ಲವೇ ಇಲ್ಲ. ಹನ್ನೆರಡು ಸಹಿಗಳು ನನ್ನ ಕಣ್ಣ ಮುಂದೆ ಬಂದವು. ಆ ಅಂಕಿಗಳಲ್ಲಿ ಒಂದೂ ತಪ್ಪಾಗಿರಲಿಲ್ಲ, ಆದರೂ ಅವು ಆ ಮೀನುಗಳ ಪರವಾಗಿ ಏನನ್ನೂ ಹೇಳಲಿಲ್ಲ. ಆ ಬಾಟಲಿಯ ಬಣ್ಣ ನನಗೆ ಇಂದಿಗೂ ಮರೆತಿಲ್ಲ.

ಆದ್ದರಿಂದ ನೀವು ಐವರೂ ಮತ್ತೆ ಹೋಗಿ. ಒಂದೇ ದಿನ ಮೂರು ಸಲ ತೆಗೆಯಿರಿ: ಸೂರ್ಯ ಮೂಡುವ ಮೊದಲು, ನಡುಹಗಲು, ಮುಸ್ಸಂಜೆ. ಪ್ರತಿ ಸಲವೂ ಗಂಟೆ, ಭರತವೋ ಇಳಿತವೋ, ಆಳ, ನೀರಿನ ಉಷ್ಣತೆ, ಹಿಂದಿನ ಎರಡು ದಿನ ಮಳೆ ಬಂದಿತ್ತೇ ಎಂಬುದನ್ನು ಬರೆದುಕೊಳ್ಳಿ. ಬಾಟಲಿಯೊಳಗೆ ಗಾಳಿಗುಳ್ಳೆ ಉಳಿಯಬಾರದು. ದೋಣಿಯವರ ಜೊತೆಗಲ್ಲದೆ ಕತ್ತಲಲ್ಲಿ ನೀರಿಗೆ ಇಳಿಯಬಾರದು, ಇದು ನನ್ನ ಆಜ್ಞೆ ಎಂದೇ ತಿಳಿಯಿರಿ.

ನಿಮ್ಮ 2.8ರ ತೂಕ ಎಷ್ಟೆಂದು ಹೇಳುತ್ತೇನೆ. ಕರಾವಳಿಯ ನೀರನ್ನು ನಮ್ಮ ದೇಶದಲ್ಲಿ ಬಳಕೆಗೆ ತಕ್ಕಂತೆ ಐದು ವರ್ಗ ಮಾಡಿದ್ದಾರೆ. ಚಿಪ್ಪುಮೀನು ಬೆಳೆಯುವ ಮೊದಲ ವರ್ಗದ ನೀರಿನಲ್ಲಿ ಲೀಟರಿಗೆ 5 ಮಿಲಿಗ್ರಾಂ ಆಮ್ಲಜನಕ ಇರಬೇಕು. ಸ್ನಾನಕ್ಕೂ ವಾಣಿಜ್ಯ ಮೀನುಗಾರಿಕೆಗೂ ಎಂದಿರುವ ಎರಡನೆಯ ವರ್ಗದಲ್ಲಿ 4 ಇರಬೇಕು, ಮಲಮೂಲದ ಕೋಲಿಫಾರ್ಮ್ 100 ಮಿಲಿಲೀಟರಿಗೆ 100ನ್ನು ಮೀರಬಾರದು. ಬಂದರಿನ ನೀರಿಗೂ 3 ಬೇಕು. ನಿಮ್ಮ ಅಂಕಿ ಬಂದರಿನ ಮಟ್ಟಕ್ಕಿಂತಲೂ ಕೆಳಗಿದೆ. ಅದನ್ನು ಹಗುರವಾಗಿ ಬಿಡಬೇಡಿ.

ಆದರೆ ಕಾನೂನಿನ ಕಣ್ಣಿಗೆ ಅದು ಇನ್ನೂ ಸಾಕ್ಷ್ಯವಲ್ಲ. 1974ರ ಜಲ ಮಾಲಿನ್ಯ ಕಾಯಿದೆಯ 21ನೇ ಕಲಮಿನ ಪ್ರಕಾರ ಘಟಕವೊಂದು ಹೊರಬಿಡುವ ನೀರಿನ ಮಾದರಿ ತೆಗೆಯುವಾಗ ಮಾಲಿನ್ಯ ನಿಯಂತ್ರಣ ಮಂಡಳಿಯವರು ಅಲ್ಲಿಯವರಿಗೆ ನೋಟಿಸು ಕೊಟ್ಟು, ಅವರ ಎದುರಿಗೇ ಮಾದರಿಯನ್ನು ಎರಡು ಪಾಲು ಮಾಡಿ, ಮೊಹರು ಹಾಕಿ, ಇಬ್ಬರೂ ಸಹಿ ಮಾಡಬೇಕು. ನಿಮ್ಮ ನೋಟ್‌ಬುಕ್ಕಿನ ಬಲ ಬೇರೆ ಕಡೆ ಇದೆ. "ಇಂಥ ಜಾಗದಲ್ಲಿ, ಇಂಥ ಹೊತ್ತಿನಲ್ಲಿ, ಇಳಿತದಲ್ಲಿ ಬಂದು ತೆಗೆಯಿರಿ" ಎಂದು ಮಾಲಿನ್ಯ ನಿಯಂತ್ರಣ ಮಂಡಳಿಗೆ ಲಿಖಿತವಾಗಿ ಕೊಡಿ, ಸ್ವೀಕೃತಿ ಪಡೆಯಿರಿ. ಅದೇ ಕಾಯಿದೆಯ 49ನೇ ಕಲಮಿನಲ್ಲಿ ಅರುವತ್ತು ದಿನಗಳ ನೋಟಿಸು ಕೊಟ್ಟು ಸಾಮಾನ್ಯ ನಾಗರಿಕರೂ ನ್ಯಾಯಾಲಯಕ್ಕೆ ದೂರು ಒಯ್ಯಬಹುದು ಎಂದಿದೆ.

ಇನ್ನೊಂದು ಮಾತು, ನ್ಯಾಯದ ಸಲುವಾಗಿ. ಕಡಿಮೆ ಅಂಕಿಯೆಲ್ಲ ಕೊಳಚೆಯದ್ದೇ ಅಲ್ಲ. ಮಳೆಗಾಲದ ಕೊನೆಗೆ, ಆಗಸ್ಟ್‌ನಿಂದ ಅಕ್ಟೋಬರ್ ತನಕ, ಅರಬ್ಬೀ ಸಮುದ್ರದ ಆಳದ ತಣ್ಣೀರು ನಮ್ಮ ದಡದ ಕಡೆಗೆ ಮೇಲೇರಿ ಬರುತ್ತದೆ. ಅದರಲ್ಲಿ ಆಮ್ಲಜನಕ ಸಹಜವಾಗಿಯೇ ಕಡಿಮೆ. ಆ ತಿಂಗಳುಗಳಲ್ಲಿ ಕಡಲಿನಿಂದ ತೆಗೆದ ಒಂದು ಬಾಟಲಿಯನ್ನು ಹಿಡಿದು ಕಾರ್ಖಾನೆಯ ಬಾಗಿಲಿಗೆ ಹೋಗಬೇಡಿ.

*

ಪ್ರಶ್ನೆ: ಮಳೆ ಹಿಡಿಯುವ ಮುನ್ನ ಪಡುಬಿದ್ರಿಯ ಕಡಲಕರೆಯಲ್ಲಿ ನಡೆದರೆ ಕಾಲಿಗೆ ಡಾಂಬರಿನ ಹಾಗೆ ಕಪ್ಪು ಅಂಟುತ್ತದೆ. ಇದು ನವಮಂಗಳೂರು ಬಂದರಿನಿಂದ ಬರುತ್ತದೆಯೇ?
ಓದುಗರು, ಕಾಪು

ಉತ್ತರ: ಅಷ್ಟು ಸಲೀಸಾಗಿ ಹೇಳಲಾಗದು. ಕಡಲಿಗೆ ಬಿದ್ದ ಕಚ್ಚಾ ಎಣ್ಣೆಯಲ್ಲಿ ಹಗುರವಾದ ಭಾಗ ಆವಿಯಾಗಿ, ಉಳಿದದ್ದು ಗಟ್ಟಿಯಾಗಿ ಉಂಡೆ ಕಟ್ಟುತ್ತದೆ. ನೈಋತ್ಯದ ಗಾಳಿ ಬಲವಾದಾಗ ಅದು ನಮ್ಮ ದಡ ಸೇರುತ್ತದೆ. ಅದು ನೂರಾರು ಕಿಲೋಮೀಟರ್ ದೂರದ ಹಡಗುದಾರಿಯಿಂದ ಬಂದದ್ದೂ ಇರಬಹುದು. ಹಡಗಿನ ಯಂತ್ರದ ಕೋಣೆಯ ತಳದಲ್ಲಿ ಸೇರುವ ನೀರನ್ನು ಶೋಧಿಸಿ, ಹತ್ತು ಲಕ್ಷ ಪಾಲಿನಲ್ಲಿ ಎಣ್ಣೆ 15 ಪಾಲನ್ನು ಮೀರದಂತೆ ಮಾಡಿಯೇ ಹೊರಬಿಡಬೇಕೆಂದು ಅಂತರರಾಷ್ಟ್ರೀಯ ನಿಯಮವಿದೆ. ರಾತ್ರಿ ನಡುಗಡಲಿನಲ್ಲಿ ಅದನ್ನು ಮುರಿಯುವವರನ್ನು ಹಿಡಿಯುವುದು ಕಷ್ಟ. ಎಣ್ಣೆಗೂ ಬೆರಳಚ್ಚು ಇರುತ್ತದೆ, ಪ್ರಯೋಗಾಲಯದಲ್ಲಿ ಅದನ್ನು ಅನುಮಾನದ ಹಡಗಿನ ಎಣ್ಣೆಯ ಜೊತೆ ಹೋಲಿಸಬಹುದು. ಹಾಗಾಗಿ ದೊಡ್ಡ ಪ್ರಮಾಣದಲ್ಲಿ ಕಂಡರೆ ಗಾಜಿನ ಬಾಟಲಿಯಲ್ಲಿ ಸ್ವಲ್ಪ ತೆಗೆದಿಟ್ಟು, ಕರಾವಳಿ ಕಾವಲು ಪೊಲೀಸ್ ಠಾಣೆಗೆ ತಿಳಿಸಿ. 2022ರ ಜೂನ್‌ನಲ್ಲಿ ಉಳ್ಳಾಲದ ಬಳಿ 'ಪ್ರಿನ್ಸೆಸ್ ಮಿರಾಲ್' ಹಡಗು ಮುಳುಗಿದಾಗ ಅದರ ಇಂಧನ ಸೋರೀತೆಂದು ನಾವೆಲ್ಲ ಉಸಿರು ಬಿಗಿಹಿಡಿದು ಕೂತದ್ದು ನಿಮಗೂ ನೆನಪಿರಬಹುದು. ಕಾಲಿಗೆ ಅಂಟಿದ್ದಕ್ಕೆ ತೆಂಗಿನೆಣ್ಣೆ ಉಜ್ಜಿ ಸಾಬೂನಿನಲ್ಲಿ ತೊಳೆಯಿರಿ. ಮಕ್ಕಳಿಗೆ ಸೀಮೆಎಣ್ಣೆ ಹಚ್ಚಬೇಡಿ.

*

ಪ್ರಶ್ನೆ: ಅಮೆರಿಕದ ಮೇರಿಲ್ಯಾಂಡಿನಲ್ಲಿ ಮಗಳ ಮನೆಯಲ್ಲಿ ಆರು ತಿಂಗಳು ಇದ್ದು ಬಂದೆ. ಅಲ್ಲಿ ಚೆಸಪೀಕ್ ಕೊಲ್ಲಿಗೆ 'ಮಾಲಿನ್ಯದ ಪಥ್ಯ' ಹಾಕಿದ್ದಾರೆ ಎಂದು ಅಳಿಯ ಹೇಳಿದರು. ಇಲ್ಲಿ ಪ್ರತಿಯೊಂದು ಘಟಕವೂ ತನ್ನ ನೀರು ಮಿತಿಯೊಳಗಿದೆ ಎನ್ನುತ್ತದೆ. ಹಾಗಿದ್ದರೆ ನಮ್ಮ ಹೊಳೆ ಏಕೆ ಹೀಗಿದೆ?
ನಿವೃತ್ತ ಶಿಕ್ಷಕರು, ಮಣಿಪಾಲ

ಉತ್ತರ: ಮಾಸ್ಟ್ರೇ, ನಿಮ್ಮ ಪ್ರಶ್ನೆಯ ಕೊನೆಯ ಎರಡು ವಾಕ್ಯಗಳಿಗಾಗಿ ನಿಮಗೆ ಕೈ ಮುಗಿಯುತ್ತೇನೆ. ನಮ್ಮಲ್ಲಿ ಮಿತಿಯನ್ನು ಲೀಟರಿನ ಲೆಕ್ಕದಲ್ಲಿ ಹಾಕುತ್ತಾರೆ. ಕೊಳೆಯನ್ನು ಕರಗಿಸಲು ಬ್ಯಾಕ್ಟೀರಿಯಾಗಳು ಎಷ್ಟು ಆಮ್ಲಜನಕವನ್ನು ತಿನ್ನುತ್ತವೆ ಎಂಬ ಅಳತೆಗೆ ಬಿ.ಒ.ಡಿ. ಎನ್ನುತ್ತಾರೆ. ಸಾಮಾನ್ಯ ಮಾನದಂಡದಲ್ಲಿ ಅದು ಹೊಳೆಗೆ ಬಿಡುವ ನೀರಿನಲ್ಲಿ ಲೀಟರಿಗೆ 30 ಮಿಲಿಗ್ರಾಂ, ಕಡಲಿಗೆ ಬಿಡುವುದರಲ್ಲಿ 100 ಮಿಲಿಗ್ರಾಂ ಮೀರಬಾರದು. ಈಗ ಕಾಗದದಲ್ಲಿ ಲೆಕ್ಕ ಮಾಡಿ. ದಿನಕ್ಕೆ 10 ಲಕ್ಷ ಲೀಟರ್ ನೀರನ್ನು 30ರ ಮಿತಿಯಲ್ಲೇ ಬಿಡುವ ಘಟಕ ದಿನಕ್ಕೆ 30 ಕಿಲೋ ಭಾರವನ್ನು ಹೊಳೆಯ ಮೇಲೆ ಹೊರಿಸುತ್ತದೆ. ಅಂಥವು ಹತ್ತಾದರೆ 300 ಕಿಲೋ. ಹತ್ತೂ ಘಟಕಗಳ ಕಾಗದ ಸರಿಯಾಗಿರುತ್ತದೆ. ಹೊಳೆಗೆ ಹೊರಲಾಗುವುದು 100 ಕಿಲೋ ಮಾತ್ರ ಆಗಿದ್ದರೆ ಅದನ್ನು ಕೇಳುವವರು ಯಾರು? ಹೋಟೆಲು, ಮೀನು ಕತ್ತರಿಸುವ ಶೆಡ್ಡು, ಒಳಚರಂಡಿ ತಲುಪದ ಮನೆಗಳು, ಒಳಚರಂಡಿಯ ನೀರು ಸೇರುವ ವೆಟ್‌ವೆಲ್ ಬಾವಿ ಉಕ್ಕಿದ ದಿನದ ನೀರು, ಇವು ಆ ಹತ್ತರಲ್ಲಿ ಬರುವುದೂ ಇಲ್ಲ.

ಚೆಸಪೀಕಿನಲ್ಲಿ ಮಾಡಿದ್ದು ಇದರ ತಿರುವುಮುರುವು. 2010ರ ಡಿಸೆಂಬರಿನಲ್ಲಿ ಅಲ್ಲಿನ ಪರಿಸರ ಸಂರಕ್ಷಣಾ ಸಂಸ್ಥೆ ಮೊದಲು ಕೊಲ್ಲಿಗೆ ಎಷ್ಟು ತಡೆಯುತ್ತದೆ ಎಂದು ಲೆಕ್ಕ ಹಾಕಿತು: ವರ್ಷಕ್ಕೆ ಸುಮಾರು 8.4 ಕೋಟಿ ಕಿಲೋ ಸಾರಜನಕ, ಸುಮಾರು 57 ಲಕ್ಷ ಕಿಲೋ ರಂಜಕ. ಬಳಿಕ ಅದನ್ನು ಆರು ರಾಜ್ಯಗಳಿಗೂ ರಾಜಧಾನಿ ವಾಷಿಂಗ್ಟನ್‌ಗೂ ಪಾಲು ಹಂಚಿತು. ಆ ಕೊಲ್ಲಿಗೆ ನೀರು ಹರಿದು ಬರುವ ಪ್ರದೇಶ ನಮ್ಮ ಕರ್ನಾಟಕಕ್ಕಿಂತ ಸ್ವಲ್ಪ ಚಿಕ್ಕದು, ಅಷ್ಟೇ. ಹೊಲದ ಗೊಬ್ಬರ, ನಗರದ ಮಳೆನೀರು, ಕೋಳಿ ಸಾಕಣೆಯ ಹಿಕ್ಕೆ ಎಲ್ಲವೂ ಆ ಲೆಕ್ಕದಲ್ಲಿ ಬಂದವು. 2025ರ ಗಡುವಿನೊಳಗೆ ಅವರಿಗೂ ಪೂರ್ತಿ ಗುರಿ ಮುಟ್ಟಲಾಗಲಿಲ್ಲ. ಒಳಚರಂಡಿ ಘಟಕಗಳನ್ನು ಸರಿಪಡಿಸಿದಷ್ಟು ಸುಲಭವಾಗಿ ಹೊಲಗಳನ್ನು ಸರಿಪಡಿಸಲಾಗಲಿಲ್ಲ. ಆದರೂ ಎಷ್ಟು ಬಾಕಿ ಇದೆ ಎಂದು ಅವರಿಗೆ ಗೊತ್ತಿದೆ.

ನಮ್ಮಲ್ಲಿ ಈ ಲೆಕ್ಕವನ್ನು ಇನ್ನೂ ಬಿಗಿಯಾಗಿ ಮಾಡಬೇಕು. ವರ್ಷದ ಮಳೆಯಲ್ಲಿ ಬಹುಪಾಲು ಜೂನ್‌ನಿಂದ ಸೆಪ್ಟೆಂಬರ್‌ವರೆಗೆ ಸುರಿದು ಮುಗಿಯುತ್ತದೆ. ಜುಲೈನ ನೇತ್ರಾವತಿ 30 ಕಿಲೋವನ್ನು ಕಡಲಿಗೆ ಎತ್ತಿ ಎಸೆಯುತ್ತದೆ. ಏಪ್ರಿಲ್‌ನಲ್ಲಿ ತುಂಬೆ ಕಿಂಡಿ ಅಣೆಕಟ್ಟಿನ ಕೆಳಗೆ ಭರತ, ಇಳಿತ ಬಿಟ್ಟರೆ ಬೇರೆ ಚಲನೆಯೇ ಇರುವುದಿಲ್ಲ ಎನ್ನಬಹುದು. ಬಿದ್ದದ್ದು ಮುಂದೆ ಹೋಗಿ ಹಿಂದೆ ಬರುತ್ತಿರುತ್ತದೆ. ಆದರೆ ಪರವಾನಗಿಯಲ್ಲಿ ಜುಲೈಗೂ ಏಪ್ರಿಲ್‌ಗೂ ಒಂದೇ ಅಂಕಿ. ಕಡಲು, ಹೊಳೆಗಳ ಬದಿಯಲ್ಲಿ ಕಟ್ಟಡಗಳಿಗೆ ಮಿತಿ ಹಾಕುವ ಕರಾವಳಿ ನಿಯಂತ್ರಣ ವಲಯದ ಅಧಿಸೂಚನೆ ಬರೆದವರಿಗೆ ಈ ವ್ಯತ್ಯಾಸ ತಿಳಿದಿತ್ತು. ಹೊಳೆಯಲ್ಲಿ ಕಡಲಿನ ಪ್ರಭಾವ ಎಲ್ಲಿಯವರೆಗೆ ಎಂದು ಗುರುತಿಸಲು ವರ್ಷದ ಅತಿ ಒಣ ಕಾಲದಲ್ಲಿ ಉಪ್ಪಿನಂಶ ಸಾವಿರಕ್ಕೆ 5 ಪಾಲು ಇರುವ ಜಾಗವನ್ನು ನೋಡಬೇಕೆಂದು ಅವರು ಬರೆದಿದ್ದಾರೆ. ಮನೆ ಕಟ್ಟುವ ಗಡಿಗೆ ಒಣ ಕಾಲದ ಅಳತೆ ಬೇಕಾದರೆ, ಹೊಳೆಗೆ ಬಿಡುವ ಕೊಳೆಗೂ ಅದೇ ಬೇಕಲ್ಲವೇ? ನಾನು ಇಪ್ಪತ್ತು ವರ್ಷಗಳಿಂದ ಕೇಳುತ್ತಿರುವುದು ಇದೊಂದನ್ನೇ: ಏಪ್ರಿಲ್‌ನ ಹೊಳೆಗೆ ಎಷ್ಟು ತಡೆಯುತ್ತದೆ ಎಂದು ಮೊದಲು ಅಳೆಯಿರಿ, ಪರವಾನಗಿ ಆಮೇಲೆ ಹಂಚಿರಿ.

*

ಪ್ರಶ್ನೆ: ಅಮ್ಮ ಹೇಳಿದ್ದನ್ನು ನಾನು ಬರೆಯುತ್ತಿದ್ದೇನೆ. ನಮ್ಮದು ಕೋಡಿಬೆಂಗ್ರೆ ಕಡೆ. ಅಮ್ಮ ಹಿನ್ನೀರಿನಲ್ಲಿ ಮರುವಾಯಿ (ಚಿಪ್ಪುಮೀನು) ಹೆಕ್ಕಿ ಮಾರುತ್ತಾರೆ. ಈಗ ಗಿರಾಕಿಗಳು "ಇದು ಒಳ್ಳೆಯ ನೀರಿನದ್ದಾ?" ಎಂದು ಕೇಳಿ ಬಿಟ್ಟು ಹೋಗುತ್ತಾರೆ. ಏನು ಹೇಳಬೇಕು?

ಉತ್ತರ: ಅಕ್ಕ, ನನ್ನ ಅಮ್ಮನೂ ಮೊಣಕಾಲು ನೀರಿನಲ್ಲಿ ಬಗ್ಗಿ ಮರುವಾಯಿ ಹೆಕ್ಕಿದವರು. ಅದರ ದುಡ್ಡಿನಲ್ಲೇ ನನ್ನ ಕಾಲೇಜಿನ ಫೀಸು ಕಟ್ಟಿದ್ದು. ಆದ್ದರಿಂದ ನಿಮಗೆ ನಿಜವನ್ನೇ ಹೇಳುತ್ತೇನೆ.

ಮರುವಾಯಿ ನೀರನ್ನು ಸೋಸಿ ತಿನ್ನುವ ಜೀವಿ. ನೀರಿನಲ್ಲಿರುವುದು ಅದರ ಮೈಯಲ್ಲಿ ಸೇರಿ ಹೆಚ್ಚುತ್ತದೆ. ರಾತ್ರಿ ಉಪ್ಪುನೀರಿನಲ್ಲಿ ನೆನೆಹಾಕಿದರೆ ಮರಳು ಉಗುಳುತ್ತದೆ, ರೋಗಾಣುಗಳೆಲ್ಲ ಹೋದವು ಎಂದು ನಂಬಲಾಗದು. ಬೇಯಿಸುವಾಗ ಚಿಪ್ಪು ಬಾಯಿ ಬಿಟ್ಟ ಕೂಡಲೇ ಇಳಿಸುವವರಿದ್ದಾರೆ. ಅದು ಸಾಲದು, ಒಳಗಿನ ಮಾಂಸ 90 ಡಿಗ್ರಿಯಲ್ಲಿ ಒಂದೂವರೆ ನಿಮಿಷವಾದರೂ ಇರಬೇಕು. ನೀರು ಚೆನ್ನಾಗಿ ಕುದಿಯುತ್ತಿರುವಾಗ ಬಾಯಿ ಬಿಟ್ಟ ಮೇಲೂ ಐದು ನಿಮಿಷ ಬಿಡಿ ಎಂದು ಗಿರಾಕಿಗಳಿಗೆ ಹೇಳಿ. ಬಾಯಿ ಬಿಡದ್ದನ್ನು ಎಸೆಯಲಿ. ಆದರೆ ಸೀಸ, ಪಾದರಸ, ಕ್ಯಾಡ್ಮಿಯಂ ಕುದಿಸಿದರೆ ಹೋಗುವಂಥವಲ್ಲ. ದೋಣಿಗಳ ಹಳೆಯ ಬಣ್ಣ ಕೆರೆದು ಹೊಸ ಬಣ್ಣ ಬಳಿಯುವ ಜಾಗದ ಹತ್ತಿರ, ಡೀಸೆಲ್ ತುಂಬಿಸುವ ಕಡೆ, ತೋಡು ಬಂದು ಸೇರುವ ಬಾಯಿಯಲ್ಲಿ ಹೆಕ್ಕಬೇಡಿ. ಮೊದಲ ಜೋರು ಮಳೆಗೆ ಊರಿನ ಚರಂಡಿಯೆಲ್ಲ ತೊಳೆದು ಹಿನ್ನೀರಿಗೆ ಬರುತ್ತದೆ, ಆಮೇಲೆ ಕೆಲವು ದಿನ ಕೈಬಿಡಿ. ನಷ್ಟವೆಂದು ನನಗೆ ಗೊತ್ತು.

ಗಿರಾಕಿಗಳು ಕೇಳಿದರೆ ಕೋಪಿಸಿಕೊಳ್ಳಬೇಡಿ. ಯಾವ ಕುದ್ರುವಿನ (ಹೊಳೆಯ ನಡುಗಡ್ಡೆಯ) ಬದಿಯದ್ದು, ಯಾವ ದಿನದ್ದು ಎಂದು ಹೇಳಿ. ನೀರನ್ನು ಮಾತ್ರ ಪರೀಕ್ಷಿಸಿದರೆ ಸಾಲದು, ಮರುವಾಯಿಯ ಮಾಂಸವನ್ನೇ ಪರೀಕ್ಷಿಸಿ ಫಲಿತಾಂಶವನ್ನು ಪಂಚಾಯತಿನ ಗೋಡೆಗೆ ಹಚ್ಚಬೇಕೆಂದು ಹೆಕ್ಕುವ ಹೆಂಗಸರೆಲ್ಲ ಸೇರಿ ಗ್ರಾಮಸಭೆಯಲ್ಲಿ ಕೇಳಿ. ಮನವಿಯನ್ನು ನಿಮ್ಮ ಮಗಳು ಬರೆಯಲಿ, ಅಕ್ಷರ ಮುದ್ದಾಗಿದೆ. ಅದಕ್ಕೆ ಮೊದಲು ಬರುವ ಅಮಾವಾಸ್ಯೆಯ ಇಳಿತಕ್ಕೆ ನಾನೇ ಬರುತ್ತೇನೆ. ಐಸ್ ಪೆಟ್ಟಿಗೆ, ಬಾಟಲಿ ತರುತ್ತೇನೆ. ಹೆಕ್ಕುವ ಜಾಗಗಳನ್ನು ನೀವು ತೋರಿಸಿ, ಗಂಟೆಯನ್ನು ಮಗಳು ಬರೆದುಕೊಳ್ಳಲಿ.