ಡೈವೋರ್ಸ್ ನಾಟಕದ ಕೊನೆಗೆ ಗಂಡ-ಹೆಂಡತಿಯನ್ನು ಕೂಡಿಸಲೇಬೇಕಾ?

ಡೈವೋರ್ಸ್, ಮೋಸ, ಕ್ಷಮೆ ಮೂರೂ ಇರುವ, ನಗಿಸುತ್ತಲೇ ಅಳಿಸುವ ನಾಟಕ ಬರೆಯುತ್ತಿದ್ದೀರಿ. ಸವೆದುಹೋದ ತಂತ್ರಗಳಲ್ಲಿ ಯಾವುದನ್ನು ಇಟ್ಟುಕೊಳ್ಳಲಿ, ಯಾವುದನ್ನು ಬಿಡಲಿ, ಕೊನೆಗೆ ಇಬ್ಬರನ್ನೂ ಕೂಡಿಸಲೇಬೇಕಾ ಅಂತ ಕೇಳಿದ್ದೀರಿ.

ನಾನು ಧಾರವಾಡದವನು. ಹಗಲು ಕೋರ್ಟ್ ಹತ್ತಿರ ಅರ್ಜಿ ಟೈಪ್ ಮಾಡುತ್ತೇನೆ. ಸಂಜೆ ಹವ್ಯಾಸಿ ತಂಡಕ್ಕೆ ನಾಟಕ ಬರೆಯುತ್ತೇನೆ. ಎರಡೂ ಕಡೆ ಕಂಡದ್ದನ್ನು ಹೇಳುತ್ತೇನೆ.

ಮೊದಲು ಬಿಡಬೇಕಾದದ್ದು 'ಅವಳು ನಮ್ಮ ದೊಡ್ಡಪ್ಪನ ಮಗಳು' ಅನ್ನುವ ತಿರುವು. ಎರಡು ತಾಸು ಹೆಂಡತಿಯನ್ನು ಅಳಿಸಿ, ಕೊನೆಗೆ ಮೋಸ ನಡೆದೇ ಇರಲಿಲ್ಲ ಅಂದರೆ ಕ್ಷಮಿಸೋಕೆ ಏನು ಉಳೀತು? ಸಂಶಯಪಟ್ಟವಳೇ ತಪ್ಪಿತಸ್ಥೆ ಆಗುತ್ತಾಳೆ. ಮೋಸ ಅಂತ ಇಟ್ಟ ಮೇಲೆ ಅದು ನಡೆದೇ ಇರಲಿ. ಮಗುವಿಗೆ ಜ್ವರ ಬಂದು ಆಸ್ಪತ್ರೆಯಲ್ಲಿ ಇಬ್ಬರೂ ಕೈ ಹಿಡಿಯುವ ದೃಶ್ಯವೂ ಬೇಡ. ಹೆದರಿ ಹಿಡಿದ ಕೈ ಅದು. ಜ್ವರ ಇಳಿದ ಮೇಲೆ ಮತ್ತೆ ಅದೇ ಮನೆ, ಅದೇ ಜಗಳ.

ಕಟಕಟೆಯಲ್ಲಿ ಕೂಗಾಡುವ ಸೀನ್ ನಿಮಗೆ ಬೇಕೇ ಅಂತ ಒಮ್ಮೆ ಯೋಚಿಸಿ. ಇಬ್ಬರೂ ಒಪ್ಪಿ ಬಿಡುವುದಾದರೆ ಹಿಂದೂ ವಿವಾಹ ಕಾಯ್ದೆಯ 13ಬಿ ಕಲಮಿನ ಕೆಳಗೆ ಒಂದೇ ಅರ್ಜಿಗೆ ಇಬ್ಬರೂ ಸಹಿ ಹಾಕುತ್ತಾರೆ. 1976ರಲ್ಲಿ ಸೇರಿದ ಕಲಮು ಇದು. ಅರ್ಜಿಗೆ ಮೊದಲು ಒಂದು ವರ್ಷ ಬೇರೆ ಇದ್ದಿರಬೇಕು. ಅರ್ಜಿ ಕೊಟ್ಟ ಮೇಲೆ ಮತ್ತೆ ಆರು ತಿಂಗಳು. ತಕ್ಕ ಕಾರಣ ಇದ್ದರೆ ಈ ಆರು ತಿಂಗಳನ್ನು ಕೋರ್ಟ್ ಬಿಟ್ಟುಕೊಡಬಹುದು ಅಂತ 2017ರಲ್ಲಿ ಸುಪ್ರೀಂ ಕೋರ್ಟ್ ಹೇಳಿದೆ. ನೀವು ಮಾತ್ರ ಬಿಟ್ಟುಕೊಡಬೇಡಿ! ಮೊದಲ ಸಲ ಸಹಿ, ಎರಡನೇ ಸಲ ಬಂದು ಹೌದು ಅನ್ನೋದು, ನಡುವೆ ಯಾರು ಬೇಕಾದರೂ ಮನಸ್ಸು ಬದಲಿಸಬಹುದಾದ ಆರು ತಿಂಗಳು. ನಾಟಕದ ಎರಡು ಅಂಕ ಅಲ್ಲೇ ಸಿಕ್ಕವು.

ಒಂದು ಸಲ ನನ್ನ ಮೇಜಿನ ಮುಂದೆ ಹೀಗೇ ಒಂದು ಜೋಡಿ ನಿಂತಿತ್ತು. ಗಂಡ ಕಿಸೆಯಿಂದ ಪೆನ್ನು ತೆಗೆದು ಗೀಚಿದ. ಬರೆಯಲಿಲ್ಲ. ಜಾಡಿಸಿದ, ಅಂಗೈ ಮೇಲೆ ಗೀಚಿದ, ಬಾಯಿಂದ ಊದಿದ. ಆ ಹೆಣ್ಣುಮಗಳು ತಲೆ ಎತ್ತದೆ ಅಂದಳು, "ನಿಮ್ಮ ಕಿಸೇದಾಗಿನ ಪೆನ್ನು ಯಾವತ್ತರ ಬರದೈತೇನ್ರಿ?" ಇಬ್ಬರಿಗೂ ನಗು ಬಂತು. ನಗು ನಿಲ್ಲುವಷ್ಟರಲ್ಲಿ ಅವಳ ಕಣ್ಣೀರು ಕಾಗದದ ಮೇಲೆ ಬಿದ್ದಿತ್ತು. ಆ ಹಾಳೆಯನ್ನು ನಾನು ಇನ್ನೊಮ್ಮೆ ಪ್ರಿಂಟ್ ತೆಗೆದೆ.

ನಿಮ್ಮ ಹಾಸ್ಯ ಬರಬೇಕಾದದ್ದು ಇಲ್ಲಿಂದ. ನಮ್ಮ ಕಂಪನಿ ನಾಟಕಗಳಲ್ಲಿ ಹಾಸ್ಯದ ಜೋಡಿಯೇ ಬೇರೆ. ಮುಂದಿನ ಪರದೆ ಇಳಿಬಿಟ್ಟು ಅದರ ಮುಂದೆ ಅವರು ನಗಿಸುತ್ತಿರುವಾಗ ಹಿಂದೆ ಸೀನು ಬದಲಾಗುತ್ತದೆ. ಅದರ ಚೆಂದ ಅದಕ್ಕಿದೆ, ಅದನ್ನು ನೋಡಿಯೇ ಬೆಳೆದವನು ನಾನು. ಆದರೆ ನಿಮ್ಮ ಕತೆಯಲ್ಲಿ ನಗಿಸುವವರೂ ನೋಯುವವರೂ ಅದೇ ಇಬ್ಬರಾಗಿರಬೇಕು. ಹತ್ತು ವರ್ಷ ಒಂದೇ ಮನೆಯಲ್ಲಿ ಇದ್ದವರಿಗೆ ಒಬ್ಬರ ಪೆನ್ನು ಒಬ್ಬರಿಗೆ ಗೊತ್ತಿರುತ್ತದೆ ಅಲ್ವಾ?

ಇನ್ನೊಂದು ಕಡೆ ನಗು ಜಾಸ್ತಿ ಸಿಗುತ್ತದೆ. ಹಿರಿಯರನ್ನು ಕೂಡಿಸುವ ದೃಶ್ಯ. ಸೋಡಚೀಟಿ, ಅಂದರೆ ಗಂಡ-ಹೆಂಡತಿ ಬಿಡುಗಡೆಯ ಮಾತು ಬಂತೆಂದರೆ ನಮ್ಮ ಊರುಗಳಲ್ಲಿ ಜಮಖಾನೆ ಹಾಸಿ ಎರಡೂ ಕಡೆಯ ಕಾಕಾ, ಮಾವ, ಬೀಗರು ಎಲ್ಲ ಕೂರುತ್ತಾರೆ. ಚಹಾ ಎರಡು ಸುತ್ತು ಆಗುತ್ತದೆ. ಫ್ರಿಜ್ ಯಾರು ಕೊಡಿಸಿದ್ದು, ಮದುವೆಯಲ್ಲಿ ಆಹೇರಿ ಸೀರೆ ತೆಳ್ಳಗಿತ್ತೋ ಇಲ್ಲವೋ, ಎಲ್ಲ ಬರುತ್ತದೆ. ಕಡೆಗೆ ಒಬ್ಬ ಹಿರಿಯ "ಹೋಗ್ಲಿ ಬಿಡವಾ, ಗಂಡಸ ಅದಾನ, ಹೊಟ್ಟ್ಯಾಗ ಹಾಕ್ಕೋ" ಅನ್ನುತ್ತಾನೆ. ಅಷ್ಟು ಹೊತ್ತೂ ಆಕೆಯನ್ನು ಯಾರೂ ಒಂದು ಮಾತು ಕೇಳಿರುವುದಿಲ್ಲ. ಜನ ಬಿದ್ದು ಬಿದ್ದು ನಗುತ್ತಾರೆ, ನಗುತ್ತಲೇ ಸುಮ್ಮನಾಗುತ್ತಾರೆ. ಮೋಸ ಹೋದವಳ ಪರವಾಗಿ ಊರು ಕ್ಷಮಿಸೋಕೆ ಆಗಲ್ಲ. ಇದನ್ನು ಮಾತಿನಲ್ಲಿ ಹೇಳಿಸಬೇಡಿ, ಅವಳ ಮುಂದೆ ಚಹಾದ ಕಪ್ಪು ಕೆನೆಗಟ್ಟುವುದನ್ನು ತೋರಿಸಿ.

ಉತ್ತರ ಕರ್ನಾಟಕದ ಜನಪದ ರಂಗಪ್ರಕಾರವಾದ ಸಣ್ಣಾಟದ 'ಸಂಗ್ಯಾ ಬಾಳ್ಯಾ'ದಲ್ಲಿ ಮೋಸದ ದಾರಿ ಕೊಲೆಗೆ ಹೋಗಿ ಮುಟ್ಟುತ್ತದೆ. ನೀವು ಕೊಲೆಯನ್ನೂ ಬೇಡ ಅಂತೀರಿ, ಸುಳ್ಳು ಸುಖವನ್ನೂ ಬೇಡ ಅಂತೀರಿ. ಹಾಗಿದ್ದರೆ ಕ್ಷಮೆ ಬೇರೆ, ಕೂಡೋದು ಬೇರೆ ಅಂತ ಎರಡು ಮಾಡಿಕೊಳ್ಳಿ. ಕೈಮುಗಿದು ಉದ್ದ ಭಾಷಣ ಮಾಡುವ ಗಂಡ ಬೇಡ. ತಪ್ಪು ಮಾಡಿದವನು ಏನಾದರೂ ಕಳಕೊಂಡು ಏನಾದರೂ ತಂದುಕೊಡಲಿ.

ನಮ್ಮ ನಾಟಕದಲ್ಲಿ ಗಂಡ ಇನ್ನೊಬ್ಬಳಿಗಾಗಿ ಹೆಂಡತಿಯ ಬೋರಮಾಳ, ಅಂದರೆ ಬಂಗಾರದ ಗುಂಡಿನ ಸರ, ಒತ್ತೆ ಇಟ್ಟಿರುತ್ತಾನೆ. ಆ ಆರು ತಿಂಗಳಲ್ಲಿ ತನ್ನ ಬೈಕ್ ಮಾರಿ ಅದನ್ನು ಬಿಡಿಸುತ್ತಾನೆ. ಎರಡನೇ ಸಲ ಕೋರ್ಟಿಗೆ ಬಂದ ದಿನ, ಎಲ್ಲ ಮುಗಿದ ಮೇಲೆ, ಹೊರಗಿನ ಕಟ್ಟೆ ಮೇಲೆ ಕರವಸ್ತ್ರ ಬಿಚ್ಚಿ ಆಕೆಯ ಕೈಗೆ ಕೊಡುತ್ತಾನೆ. ಆಕೆ ಒಂದೊಂದೇ ಗುಂಡು ಎಣಿಸುತ್ತಾಳೆ. ಪೂರ್ತಿ ಎಣಿಸುತ್ತಾಳೆ, ನಾವು ಆ ಹೊತ್ತನ್ನು ಒಂದಿಷ್ಟೂ ಕಡಿಮೆ ಮಾಡಲಿಲ್ಲ. ಬ್ಯಾಗಿಗೆ ಹಾಕಿಕೊಂಡು ಮುಗಿಲು ನೋಡುತ್ತಾಳೆ.

"ಮಳಿ ಬರಾಕತ್ತೈತಿ. ಬೈಕೂ ಇಲ್ಲ ನಿಮಗ. ಛತ್ರಿ ಒಯ್ರಿ."

ಛತ್ರಿ ಕೊಟ್ಟು, ಸೆರಗು ತಲೆ ಮೇಲೆ ಹಾಕಿಕೊಂಡು ಆಕೆ ಬಸ್ ಸ್ಟ್ಯಾಂಡ್ ಕಡೆ ನಡೆಯುತ್ತಾಳೆ. ಪರದೆ ಅಲ್ಲಿಗೆ ಬೀಳುತ್ತದೆ.